ದುರಸ್ತಿ ಚೀಟಿ

ಮೊದಲ ಸಲ ಕರೆದಾಗ ಮಾರ್ಚ್ ತಿಂಗಳು.
ಪುಂತಾ ಅರೇನಾಸಿನ ಹಡಗುಕಟ್ಟೆಯಲ್ಲಿ
ತಗಡಿನ ಟಿಕೆಟ್ ಕೋಣೆ, ಗಾಜಿಗೆ ಉಪ್ಪಿನ ಪೊರೆ,
ಒಳಗೆ ಎರ್ಮಿಂದಾ ಓಯಾರ್ಸೊ, ಮಡಿಲಲ್ಲಿ ಹೆಣಿಗೆ.
"ದಿನಾ ಬೆಳಗ್ಗೆ ಇದು ಹೊಸದಾಗಿ ಹುಟ್ಟುತ್ತದೆ," ಅಂದಳು.
ನೋಡಿದೆ: ಎರಡು ಸಾವಿರದ ಒಂಬತ್ತು, ಜನವರಿ ಒಂದು,
ಸೊನ್ನೆ ಗಂಟೆ, ನಾಲ್ಕು ನಿಮಿಷ.
ಹದಿನೈದು ವರ್ಷದ ಗಾಳಿ ಬೀಸಿಯೇ ಇಲ್ಲ,
ಯಾರೂ ಸತ್ತಿಲ್ಲ, ಹಿಟ್ಟಿನ ಬೆಲೆ ಏರಿಲ್ಲ.

ಇದು ಸುಲಭ. ಪೆಟ್ಟಿಗೆ ಬಿಚ್ಚಿದೆ.
ಧೂಳು, ಉಣ್ಣೆಯ ಎಳೆ, ಒಣಗಿದ ಒಂದು ಪತಂಗ;
ನಡುವೆ ಸವೆದ ನಾಣ್ಯದಂತೆ ಬ್ಯಾಟರಿ.
ಕರೆಂಟು ಹೋದ ರಾತ್ರಿಗಳಲ್ಲಿ
ಹೊತ್ತನ್ನು ಹೊತ್ತು ಕೂರಬೇಕಾದದ್ದು ಅದೇ.
ಭಾರ ತಾಳದೆ ಪ್ರಾಣ ಬಿಟ್ಟಿತ್ತು.
ಹೊಸದು ಹಾಕಿದೆ. ಎರಡು ಸಾವಿರ ಪೆಸೊ.
ಚೀಟಿಗೆ ಸಹಿ.

ಏಪ್ರಿಲ್‌ನಲ್ಲಿ ಮತ್ತೆ ಫೋನು: ಒಂದು ಗಂಟೆ ಹಿಂದೆ.
ಇದರ ತಪ್ಪಲ್ಲ, ಎಂದೆ. ಚಳಿಗಾಲ ಬಂತೆಂದರೆ
ಸಾಂತಿಯಾಗೋದವರು ಮುಳ್ಳು ಹಿಂದಕ್ಕೆ ತಿರುಗಿಸುತ್ತಾರೆ;
ನಾವು ತೆಂಕಣದವರು ತಿರುಗಿಸುವುದಿಲ್ಲ.
ಇರುವ ಬೆಳಕೇ ಅಂಗೈಯಗಲ,
ಅದರಲ್ಲೂ ಸಂಜೆಯಿಂದ ಒಂದು ತುಂಡು ಕೊಡುವುದುಂಟೆ?
ಈ ಪೆಟ್ಟಿಗೆ ಮಾತ್ರ ರಾತ್ರೋರಾತ್ರಿ
ರಾಜಧಾನಿಯ ಮಾತು ಕೇಳಿ ಬದಲಾಗಿತ್ತು.
ಪಟ್ಟಿಯಲ್ಲಿ ನಮ್ಮೂರನ್ನು ಹುಡುಕಿ ಒತ್ತಿದೆ.
"ನಾವೂ ಇದ್ದೇವಾ ಅದರಲ್ಲಿ!" ಎಂದು ಎದ್ದು ಬಂದು
ಕನ್ನಡಕ ಏರಿಸಿ ಊರಿನ ಹೆಸರು ಎರಡು ಸಲ ಓದಿದಳು.
ಸೋರೆಬುರುಡೆಯಲ್ಲಿ ಮಾಟೆ ಕಷಾಯ ಕೊಟ್ಟಳು. ಕಹಿ.
ಚೀಟಿಗೆ ಸಹಿ.

ಜೂನ್. ಈ ಸಲ ಕರೆದದ್ದು ಅವಳಲ್ಲ, ಕಂಪನಿಯ ಮ್ಯಾನೇಜರು,
ನಿಮಿಷಕ್ಕೂ ರಸೀದಿ ಕೇಳುವ ಮನುಷ್ಯ.
ಪೊರ್ವೆನೀರಿನ ಹಡಗು ವಾರಕ್ಕೆ ನಾಲ್ಕೈದು ದಿನ ತಡ,
ಏಳು ನಿಮಿಷ, ಎಳ್ಳಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.
ಕಪ್ತಾನ ಮಾನ್ಸಿಯಾನ ಕೈಗಡಿಯಾರ
ಎಂದೋ ಸಮುದ್ರ ಕುಡಿದು ಸತ್ತಿದೆ;
ಗಾಜಿನಾಚೆಯಿಂದ ಈ ಪರದೆ ನೋಡಿಯೇ ಅವನು ಸೀಟಿ ಊದುವುದು.

ನಸುಕಿಗೇ ಬಂದು ಕೂತೆ. ತಲೆ ಕೆರೆದುಕೊಂಡೆ.
ಬ್ಯಾಟರಿ ಮೂರು ವೋಲ್ಟ್, ಗಟ್ಟಿಯಾಗಿದೆ.
ವಲಯ ಸರಿ. ಸರ್ವರ್ ಕೂಗಿದರೆ ಓಗೊಡುತ್ತದೆ.
ವೈರಸ್ ಹುಡುಕಿದೆ; ಸಿಕ್ಕಿದ್ದು
ಸ್ವೆಟರ್ ನಮೂನೆಗಳ ಚಿತ್ರ, ಇನ್ನೂರು.
ಕೊನೆಗೆ, ಯಂತ್ರ ತನ್ನಷ್ಟಕ್ಕೆ ಬರೆದುಕೊಳ್ಳುವ
ದಿನಚರಿ ತೆರೆದೆ.

ಸೋಮವಾರ, ಎಂಟು ಐದು: ಸಮಯ ಬದಲಾಯಿಸಲಾಗಿದೆ.
ಬದಲಾಯಿಸಿದವರು: ಎರ್ಮಿಂದಾ.
ಮಂಗಳವಾರ, ಎಂಟು ಐದು. ಎರ್ಮಿಂದಾ.
ಬುಧವಾರ ಏನೂ ಇಲ್ಲ.
ಗುರುವಾರ, ಎಂಟು ನಾಲ್ಕು. ಎರ್ಮಿಂದಾ.
ಹಡಗು ಹೊರಟ ಮೇಲೆ ಮತ್ತೆ ಸರಿಪಡಿಸಿದ್ದಾಳೆ, ತಪ್ಪದೆ.
ಈವತ್ತಿನದೂ ಇತ್ತು. ನಾನು
ಬೂಟಿನ ಹಿಮ ಕೊಡವಲು ಹೊರಗೆ ಹೋದಾಗಿನದು.

ತಿರುಗಿ ನೋಡಲಿಲ್ಲ. ಬೆನ್ನ ಹಿಂದೆ
ಹೆಣಿಗೆ ಕಡ್ಡಿಗಳ ಸದ್ದು ನಿಂತಿತ್ತು.
ಹೊರಗೆ ಇನ್ನೂ ಕಗ್ಗತ್ತಲು.
ಗಾಳಿಯ ದಿನ ಹಿಡಿದು ನಡೆಯಲೆಂದು
ಬೀದಿಯುದ್ದ ಕಟ್ಟಿದ ಹಗ್ಗ ನಡುಗುತ್ತಿತ್ತು.
ಅದನ್ನು ಹಿಡಿದು, ತಲೆ ತಗ್ಗಿಸಿ,
ಬಿಳಿ ಬೂಟಿನ ಹೆಂಗಸೊಬ್ಬಳು ಓಡಿ ಬರುತ್ತಿದ್ದಳು.
ಆಸ್ಪತ್ರೆಯ ರಾತ್ರಿ ಪಾಳಿ ಮುಗಿಯುವುದು ಎಂಟಕ್ಕೆ,
ಹಡಗು ಎಂಟೂ ಕಾಲಿಗೆ, ಮುಂದಿನದು ಸಂಜೆ.
ಆಚೆ ದಡದಲ್ಲಿ ಅವಳಿಗೆ ಯಾರಿದ್ದಾರೋ, ನಾನು ಕೇಳಲಿಲ್ಲ.
ನನ್ನ ಫೋನಿನಲ್ಲಿ ಎಂಟು ಇಪ್ಪತ್ತೊಂದು,
ಪರದೆಯಲ್ಲಿ ಎಂಟು ಹದಿನಾಲ್ಕು.
ಅವೆರಡರ ಸಂದಿಯಲ್ಲಿ ಅವಳು ಹಲಗೆ ದಾಟಿದಳು.
ಕಪ್ತಾನ ಗಾಜಿಗೆ ಮೂಗು ಒತ್ತಿ ನೋಡಿ
ಸೀಟಿ ಊದಿದ.

ಚೀಟಿಯಲ್ಲಿ 'ದೋಷ' ಎಂಬಲ್ಲಿ ಏನು ಬರೆಯಲಿ?
ಹಳೆಯ ಯಂತ್ರ ಎಂದು ಬರೆದೆ. ಹೊಡೆದು ಹಾಕಿದೆ.
ಉಪ್ಪುಗಾಳಿ ಎಂದು ಬರೆದೆ;
ಈ ಊರಲ್ಲಿ ಅದು ಯಾವುದಕ್ಕೂ ಒಪ್ಪುತ್ತದೆ.
ಎರ್ಮಿಂದಾ ಸಹಿ ಹಾಕಿದಳು, ತಾರೀಕು ಬರೆದಳು,
'ವೇಳೆ' ಎಂಬ ಖಾನೆಗೆ ಬಂದು
ಪೆನ್ನು ಎತ್ತಿ
ನನ್ನ ಮುಖ ನೋಡಿದಳು.